ನೀರಿಲ್ಲದ ಬೆಟ್ಟ, ಸದ್ದಿಲ್ಲದ ರಸ್ತೆ

ಅಡುಗೆಮನೆಗೆ ಶಹಾಬಾದ್ ಕಲ್ಲು ಹಾಸಿದ ಮನೆಗಳಲ್ಲಿ ಒಂದು ದೂರು ಮಾಮೂಲಿ. ನಿಂಬೆಹಣ್ಣು ಹಿಂಡುವಾಗ ನಾಲ್ಕು ಹನಿ ನೆಲಕ್ಕೆ ಬಿದ್ದು, ಯಾರೂ ಒರೆಸದೆ ಬಿಟ್ಟರೆ, ಆ ಜಾಗದಲ್ಲಿ ಬಿಳಿಚಿದ ಕಲೆಯೊಂದು ಉಳಿದುಬಿಡುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹೋಗುವುದಾದರೂ ಹೇಗೆ? ಅದು ಕಲ್ಲಿಗೆ ಅಂಟಿದ ಕೊಳೆಯಲ್ಲ, ಕಲ್ಲೇ ಕರಗಿಹೋದ ಗುರುತು. ಕಲಬುರಗಿ ಜಿಲ್ಲೆಯ ಈ ಕಲ್ಲು ಸುಣ್ಣಕಲ್ಲಿನ ಜಾತಿಯದು. ಆಮ್ಲ ತಾಗಿದರೆ ಸುಣ್ಣಕಲ್ಲು ಕರಗುತ್ತದೆ.

ನಾಲ್ಕು ಹನಿ ನಿಂಬೆರಸ ಒಂದು ಕಲೆ ಮಾಡಬಲ್ಲದಾದರೆ, ಲಕ್ಷಾಂತರ ವರ್ಷ ಸುರಿದ ಮಳೆ ಒಂದು ಇಡೀ ಪರ್ವತವನ್ನು ಏನು ಮಾಡೀತು? ಈ ಪ್ರಶ್ನೆಗೆ ಉತ್ತರ ಕಾಣಬೇಕೆಂದರೆ ಫ್ರಾನ್ಸಿನ ವೆರ್ಕೋರ್ ಬೆಟ್ಟಸಾಲಿಗೆ ಹೋಗಬೇಕು. ಅದನ್ನು ನೋಡಲು ತಕ್ಕ ವಾಹನ ಕಾರಲ್ಲ, ಸೈಕಲ್ಲು. ಗಂಟೆಗೆ ಎಂಟು ಹತ್ತು ಕಿಲೋಮೀಟರ್ ವೇಗದಲ್ಲಿ ಏರುವವನಿಗೆ ಮಾತ್ರ ಬಂಡೆಯ ಪದರುಗಳನ್ನು ಓದಲು ಪುರುಸೊತ್ತು ಸಿಗುತ್ತದೆ. ಅಲ್ಲಿನ ರಸ್ತೆಗಳೂ ಸೈಕಲ್ಲಿಗೆ ಹೇಳಿ ಮಾಡಿಸಿದಂತೆ ಇವೆ. ಲಾರಿಗಳ ಆರ್ಭಟವಿಲ್ಲ, ಬಸ್ಸುಗಳ ಸಾಲಿಲ್ಲ. ಈ ಮೌನಕ್ಕೂ ಕಾರಣ ಆ ಸುಣ್ಣಕಲ್ಲೇ ಎಂದರೆ ಆಶ್ಚರ್ಯವಾದೀತು.

ಕೋಟೆಯಂಥ ಬೆಟ್ಟ

ವೆರ್ಕೋರ್ ಇರುವುದು ಫ್ರಾನ್ಸಿನ ಆಗ್ನೇಯ ಭಾಗದಲ್ಲಿ, ಆಲ್ಪ್ಸ್ ಪರ್ವತಗಳ ಹೊರ ಅಂಚಿನಲ್ಲಿ, ಗ್ರೆನೋಬ್ಲ್ ನಗರದ ಪಕ್ಕಕ್ಕೆ. ಇದರ ಅತಿ ಎತ್ತರದ ಶಿಖರ ಗ್ರಾನ್ ವೆಮೋನ್, 2,341 ಮೀಟರ್. ಸುಮಾರು 12 ಕೋಟಿ ವರ್ಷಗಳ ಹಿಂದೆ ಇಲ್ಲಿ ಬೆಚ್ಚಗಿನ, ಆಳವಿಲ್ಲದ ಕಡಲಿತ್ತು. ಅದರಲ್ಲಿ ಬಾಳಿ ಸತ್ತ ಚಿಪ್ಪುಜೀವಿಗಳ ಅವಶೇಷ ಪದರು ಪದರಾಗಿ ಶೇಖರವಾಗಿ, ಒತ್ತಡದಿಂದ ಗಟ್ಟಿಯಾಗಿ ಸುಣ್ಣಕಲ್ಲಾಯಿತು. ಮುಂದೆ ಆಲ್ಪ್ಸ್ ಪರ್ವತಗಳು ಮೇಲೆದ್ದಾಗ ಈ ಕಡಲ ತಳವೂ ಮಡಿಸಿಕೊಂಡು ಮೇಲೆದ್ದಿತು. ಇಂದು ಅದರ ಸುತ್ತ ನೂರಾರು ಮೀಟರ್ ಎತ್ತರದ ಕಡಿದಾದ ಗೋಡೆಗಳಿವೆ, ಮೇಲೆ ಕಾಡು ಮತ್ತು ಹುಲ್ಲುಗಾವಲು. ದೂರದಿಂದ ನೋಡಿದವರಿಗೆ ಕೋಟೆಯ ನೆನಪಾಗುತ್ತದೆ. 1970ರಲ್ಲಿ ಇದನ್ನು ಪ್ರಾದೇಶಿಕ ನಿಸರ್ಗ ಉದ್ಯಾನವೆಂದು ಘೋಷಿಸಲಾಯಿತು.

ಈ ಬೆಟ್ಟದ ಮೇಲೆ ಮಳೆ ಚೆನ್ನಾಗಿಯೇ ಬೀಳುತ್ತದೆ, ಚಳಿಗಾಲದಲ್ಲಿ ಹಿಮವೂ ಬೀಳುತ್ತದೆ. ಆದರೂ ಎತ್ತರದ ಬಯಲುಗಳಲ್ಲಿ ಹರಿಯುವ ತೊರೆಯೊಂದನ್ನು ಹುಡುಕುವುದು ಕಷ್ಟ. ಹಾಗಾದರೆ ನೀರು ಎಲ್ಲಿಗೆ ಹೋಯಿತು?

ಪ್ರನಾಳದಲ್ಲಿ ಒಂದು ಪರ್ವತ

ಶಾಲೆಯ ಪ್ರಯೋಗಾಲಯದಲ್ಲಿ ಸುಣ್ಣದ ತಿಳಿನೀರಿಗೆ ಗಾಜಿನ ಕೊಳವೆಯಿಂದ ಉಸಿರು ಊದುವ ಪ್ರಯೋಗ ಎಲ್ಲರಿಗೂ ಗೊತ್ತು. ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಉಸಿರಿನಲ್ಲಿ ಇಂಗಾಲದ ಡೈ ಆಕ್ಸೈಡ್ ಇದೆ ಎಂಬುದಕ್ಕೆ ಇದೇ ಸಾಕ್ಷಿ ಎಂದು ಬರೆದುಕೊಂಡು ವಿದ್ಯಾರ್ಥಿಗಳು ಪ್ರನಾಳವನ್ನು ತೊಳೆದಿಡುತ್ತಾರೆ. ಪ್ರಯೋಗದ ಸ್ವಾರಸ್ಯವಿರುವುದು ಅದರ ಮುಂದಿನ ಭಾಗದಲ್ಲಿ. ಬೆಳ್ಳಗಾದ ಮೇಲೂ ಆ ಅನಿಲವನ್ನು ಸಾಕಷ್ಟು ಹೊತ್ತು ಹಾಯಿಸಿದರೆ ಆ ಹಾಲು ಮತ್ತೆ ತಿಳಿಯಾಗುತ್ತದೆ! ಆ ತಿಳಿನೀರನ್ನು ಕಾಯಿಸಿದರೆ ಮತ್ತೊಮ್ಮೆ ಬೆಳ್ಳಗಾಗುತ್ತದೆ. (ಊದುವಾಗ ನೀರನ್ನು ಬಾಯಿಗೆ ಎಳೆದುಕೊಳ್ಳಬಾರದು, ಶಿಕ್ಷಕರ ಎದುರಿಗೇ ಮಾಡಬೇಕು.)

ಮೊದಲು ಬೆಳ್ಳಗೆ ಕಂಡದ್ದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನ ಪುಡಿ. ಹೆಚ್ಚಿನ ಇಂಗಾಲದ ಡೈ ಆಕ್ಸೈಡ್ ನೀರಿನೊಡನೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಅದು ಸುಣ್ಣಕಲ್ಲನ್ನು ನೀರಿನಲ್ಲಿ ಕರಗುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿ ಮಾರ್ಪಡಿಸುತ್ತದೆ. ಕಾಯಿಸಿದಾಗ ಅನಿಲ ಹೊರಟುಹೋಗಿ ಸುಣ್ಣಕಲ್ಲು ಮತ್ತೆ ತಳ ಸೇರುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಹೊಪ್ಪಳೆ ಕಟ್ಟುವುದೂ ಹೀಗೆಯೇ.

ವೆರ್ಕೋರಿನ ಕತೆಯೆಲ್ಲ ಈ ಒಂದು ಪ್ರನಾಳದಲ್ಲಿದೆ. ಮಳೆನೀರು ಗಾಳಿಯಿಂದ ಸ್ವಲ್ಪ, ಕೊಳೆತೆಲೆ ತುಂಬಿದ ಮಣ್ಣಿನಿಂದ ಇನ್ನಷ್ಟು ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು ಬಂಡೆಯ ಬಿರುಕಿಗೆ ಇಳಿಯುತ್ತದೆ. ಬಿರುಕು ಕರಗಿ ಸಂದಾಗುತ್ತದೆ, ಸಂದು ಕೊಳವೆಯಾಗುತ್ತದೆ, ಕೊಳವೆ ಗುಹೆಯಾಗುತ್ತದೆ. ಹೊಳೆ ಹರಿಯಬೇಕಾದ ನೀರೆಲ್ಲ ಬೆಟ್ಟದ ಹೊಟ್ಟೆಗೆ ಹೋಗುತ್ತದೆ. 1953ರಲ್ಲಿ ಇಲ್ಲಿ ಪತ್ತೆಯಾದ ಬೆರ್ಝೆ ಎಂಬ ಪಾತಾಳ ಗುಹೆಯಲ್ಲಿ 1956ರಲ್ಲಿ ಅನ್ವೇಷಕರು ಸಾವಿರ ಮೀಟರಿಗಿಂತ ಆಳಕ್ಕೆ ಇಳಿದರು. ಜಗತ್ತಿನಲ್ಲಿ ಮನುಷ್ಯ ಅಷ್ಟು ಆಳದ ಗುಹೆಗೆ ಇಳಿದದ್ದು ಅದೇ ಮೊದಲು.

ಇಳಿದ ನೀರು ಮತ್ತೆ ಸುಣ್ಣವನ್ನು ಬಿಟ್ಟುಕೊಡುವುದನ್ನೂ ಇಲ್ಲಿ ನೋಡಬಹುದು. ಶೋರಾಂಶ್ ಎಂಬಲ್ಲಿನ ಗುಹೆಯ ಚಾವಣಿಯಿಂದ ಶ್ಯಾವಿಗೆಯಂತೆ ಸಣ್ಣನೆಯ, ಒಳಗೆ ಟೊಳ್ಳಾದ ಬಿಳಿ ಕೊಳವೆಗಳು ಸಾವಿರಾರು ಇಳಿಬಿದ್ದಿವೆ. ಕೆಲವು 3 ಮೀಟರ್ ಉದ್ದ ಇವೆ. ಗುಹೆಯ ಗಾಳಿಗೆ ಬಂದ ಪ್ರತಿ ಹನಿಯೂ ತನ್ನ ಅನಿಲವನ್ನು ಬಿಟ್ಟು, ಜೊತೆಗೆ ಒಂದಿಷ್ಟು ಸುಣ್ಣವನ್ನೂ ಬಿಟ್ಟು ಬೀಳುತ್ತದೆ. ಕೊಳವೆ ಬೆಳೆಯುವುದು ಹಾಗೆ.

ರಸ್ತೆ ಏಕೆ ಮೌನ?

ಈಗ ರಸ್ತೆಯ ವಿಷಯಕ್ಕೆ ಬರಬಹುದು. ನೀರು ನಿಲ್ಲದ ಕಡೆ ಹೊಲ ಕಡಿಮೆ, ಹೊಲ ಕಡಿಮೆಯಾದಲ್ಲಿ ಊರು ಕಡಿಮೆ. ವೆರ್ಕೋರಿನ ಎತ್ತರದ ಬಯಲುಗಳ ಸುಮಾರು 17,000 ಹೆಕ್ಟೇರ್ ಪ್ರದೇಶ 1985ರಿಂದ ಸಂರಕ್ಷಿತ ನಿಸರ್ಗಧಾಮ. ಅಲ್ಲಿ ಕಾಯಂ ವಾಸಿಸುವವರು ಯಾರೂ ಇಲ್ಲ. ಬೇಸಿಗೆಯಲ್ಲಿ ಕುರಿಗಾಹಿಗಳು ಬರುತ್ತಾರೆ, ಅಷ್ಟೆ. ಉಳಿದ ಕಡೆ ಸಣ್ಣ ಸಣ್ಣ ಹಳ್ಳಿಗಳು. ಸುತ್ತ ಕಡಿದಾದ ಗೋಡೆಗಳಿರುವುದರಿಂದ ದೂರ ಹೋಗುವ ವಾಹನಗಳಿಗೆ ಬೆಟ್ಟವನ್ನು ಹತ್ತಿ ಇಳಿಯುವ ಗೊಡವೆ ಬೇಕಿಲ್ಲ. ಹೆದ್ದಾರಿ ಈಝೇರ್ ನದಿಯ ಕಣಿವೆ ಹಿಡಿದು ಸುತ್ತಿಹೋಗುತ್ತದೆ. ಬೆಟ್ಟದ ಮೇಲಿನ ರಸ್ತೆಗಳಿಗೆ ಉಳಿದದ್ದು ಹಳ್ಳಿಯವರು, ಪ್ರವಾಸಿಗಳು ಮತ್ತು ಸೈಕಲ್ ಸವಾರರು.

ಹಾಗಾದರೆ ಇಷ್ಟು ಕಷ್ಟದ ಬಂಡೆಯಲ್ಲಿ ರಸ್ತೆ ಮಾಡಿದ್ದಾದರೂ ಏಕೆ? ಮುಖ್ಯವಾಗಿ ಮರಕ್ಕಾಗಿ. ಮೇಲಿನ ಲಾಂತ್ ಕಾಡಿನ ದಿಮ್ಮಿಗಳನ್ನು ಕೆಳಗಿನ ಸ್ಯಾಂ ಝಾನ್ ಎಂಬ ಪೇಟೆಗೆ ಇಳಿಸಲು 19ನೇ ಶತಮಾನದ ಜನ ಕೋಂಬ್ ಲವಾಲ್ ಎಂಬ ಕಮರಿಯ ಗೋಡೆಯಲ್ಲೇ ದಾರಿ ಕೊರೆದರು. 1861ರಲ್ಲಿ ಆರಂಭವಾದ ಕೆಲಸ ಮುಗಿದದ್ದು 1898ರಲ್ಲಿ. ರಸ್ತೆ ಮುಗಿಯುವ ಕಣಿವೆಮಾರ್ಗದ ಹೆಸರು ಕೋಲ್ ದ ಲಾ ಮಶೀನ್. ಹಿಂದೆ ದಿಮ್ಮಿಗಳನ್ನು ಕೆಳಗಿಳಿಸಲು ಬಳಸುತ್ತಿದ್ದ ಯಂತ್ರದಿಂದ ಆ ಹೆಸರು ಬಂತೆನ್ನುತ್ತಾರೆ.

ಇಂದು ಆ ರಸ್ತೆಯಲ್ಲಿ ಹೋಗುವ ಸವಾರನಿಗೆ ಒಂದು ಕಡೆ ತಲೆಯ ಮೇಲೆ ಬಾಗಿದ ಬಂಡೆ, ಇನ್ನೊಂದು ಕಡೆ ಮೊಳಕಾಲೆತ್ತರದ ಕಲ್ಲಿನ ಕಟ್ಟೆ, ಅದರಾಚೆ ನೂರಾರು ಮೀಟರ್ ಪ್ರಪಾತ. ನಡುನಡುವೆ ಬಂಡೆಯನ್ನೇ ತೂರಿದ ಗಿಡ್ಡ ಸುರಂಗಗಳು. ಕಮರಿಯ ತಳದಲ್ಲಿ ಶೋಲೆ ಎಂಬ ತೊರೆ ಬಂಡೆಯೊಳಗಿಂದ ಹುಟ್ಟಿ ಬರುತ್ತದೆ. ಮೇಲೆ ಕಾಣೆಯಾದ ನೀರಿನ ವಿಳಾಸ ಅದು.

ಏರುವ ಲೆಕ್ಕ

ಸ್ಯಾಂ ಝಾನ್ ಪೇಟೆ ಸಮುದ್ರಮಟ್ಟದಿಂದ ಸುಮಾರು 250 ಮೀಟರ್ ಎತ್ತರದಲ್ಲಿದೆ. ಕೋಲ್ ದ ಲಾ ಮಶೀನ್ 1,011 ಮೀಟರ್. ನಡುವಿನ ರಸ್ತೆ ಹೆಚ್ಚುಕಡಿಮೆ 13 ಕಿಲೋಮೀಟರ್. ಅಂದರೆ ನೂರು ಮೀಟರ್ ಮುಂದೆ ಹೋದರೆ ಸುಮಾರು ಆರು ಮೀಟರ್ ಮೇಲೆ. ಇದನ್ನು ಶೇಕಡಾ ಆರರ ಏರು ಎನ್ನುತ್ತಾರೆ.

ಸವಾರ, ಸೈಕಲ್, ಚೀಲ ಎಲ್ಲ ಸೇರಿ 75 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. 760 ಮೀಟರ್ ಮೇಲೇರಿಸಲು ಬೇಕಾದ ಶಕ್ತಿ, ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರಗಳ ಗುಣಲಬ್ಧ: 75 × 9.8 × 760, ಅಂದರೆ ಸುಮಾರು 5.6 ಲಕ್ಷ ಜೂಲ್. ಒಂದೂವರೆ ಗಂಟೆಯಲ್ಲಿ ಏರಿದರೆ ಸೆಕೆಂಡಿಗೆ ಸುಮಾರು ನೂರು ಜೂಲ್, ಅಂದರೆ ನೂರು ವಾಟ್. ಗಾಳಿ ಮತ್ತು ಘರ್ಷಣೆಯ ಲೆಕ್ಕ ಬೇರೆ. ಹಳೆಯ ಕಾಲದ ನೂರು ಕ್ಯಾಂಡಲ್ ಬಲ್ಬನ್ನು ಒಂದೂವರೆ ಗಂಟೆ ಉರಿಸಿದಷ್ಟು! ನಮ್ಮ ದೇಹ ಆಹಾರದ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತದೆ, ಉಳಿದದ್ದು ಶಾಖ. ಹಾಗಾಗಿ ಈ ಏರಿಗೆ 530 ಕಿಲೋಕ್ಯಾಲರಿಗೂ ಹೆಚ್ಚು ಬೇಕು. ಒಂದು ಇಡ್ಲಿಗೆ 50 ಕಿಲೋಕ್ಯಾಲರಿ ಎಂದು ಹಿಡಿದರೆ ಹನ್ನೊಂದು ಇಡ್ಲಿ.

ಸಾಮಾನ್ಯ ಹುಡುಗ ಹುಡುಗಿಯರು ಇದನ್ನು ಏರಬಲ್ಲರೇ? ಗೇರು ಸರಿಯಾಗಿದ್ದರೆ, ಅಭ್ಯಾಸವಿದ್ದರೆ ಏರಬಲ್ಲರು. ನಮ್ಮ ಊರುಗಳ ಹಳೆಯ ಕರಿ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಸಮತಟ್ಟಿನಲ್ಲಿ ಅದು ಅನುಕೂಲ. ಶೇಕಡಾ ಆರರ ಏರಿನಲ್ಲಿ ಒಂದೇ ಸುತ್ತಿನಲ್ಲಿ ಮೂವತ್ತು ಸೆಂಟಿಮೀಟರಿಗೂ ಹೆಚ್ಚು ಮೇಲೆತ್ತಬೇಕಾಗಿ ಬಂದು ಮಂಡಿ ಸೋಲುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ಹಲ್ಲು ಸಮನಾಗಿರುವ ಗೇರಿನಲ್ಲಿ ಒಂದು ಸುತ್ತಿಗೆ ಎರಡು ಮೀಟರ್ ಚಿಲ್ಲರೆ ಮಾತ್ರ ಹೋಗುತ್ತದೆ, ಹನ್ನೆರಡು ಹದಿಮೂರು ಸೆಂಟಿಮೀಟರ್ ಎತ್ತಿದರೆ ಸಾಕು. ಒಟ್ಟು ಕೆಲಸ ಕಡಿಮೆಯಾಗಲಿಲ್ಲ, ಕಂತುಗಳು ಚಿಕ್ಕವಾದವು. ಸನ್ನೆಕೋಲು, ರಾಟೆ, ಇಳಿಜಾರು ಹಲಗೆ ಎಂದು ಪಾಠದಲ್ಲಿ ಓದುವುದರ ಸಾರ ಇಷ್ಟೇ.

ಏರಿದವನು ಇಳಿಯಲೇಬೇಕು. ಅಪಾಯವಿರುವುದು ಅಲ್ಲಿ. ಮೇಲೇರಿಸಿದ 5.6 ಲಕ್ಷ ಜೂಲ್ ಎಲ್ಲಿಗೂ ಹೋಗಿಲ್ಲ. ಇಳಿಯುವಾಗ ಅದು ಶಾಖವಾಗಿ ಕಳೆಯಬೇಕು. ಸುಮಾರು ಎರಡು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಸಾಲುವಷ್ಟು ಶಾಖ ಅದು. ಒಂದು ಭಾಗವನ್ನು ಗಾಳಿ ಕಳೆಯುತ್ತದೆ, ಉಳಿದದ್ದು ಬ್ರೇಕಿನ ಪಾಲು. ರಿಮ್ಮಿಗೆ ಒತ್ತುವ ಬ್ರೇಕನ್ನು ಉದ್ದಕ್ಕೂ ಹಿಡಿದೇ ಇಳಿದರೆ ರಿಮ್ಮು ಕಾದು ಟ್ಯೂಬು ಒಡೆಯಬಹುದು. ಅನುಭವಿಗಳು ತಿರುವಿಗೆ ಮುಂಚೆಯೇ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು, ಬಿಟ್ಟು, ಆರಲು ಅವಕಾಶ ಕೊಡುತ್ತಾರೆ. ನಡುವೆ ನಿಂತು ವಿಶ್ರಾಂತಿ ತೆಗೆದುಕೊಳ್ಳುತ್ತಾರೆ. ಸಾವಿರ ಮೀಟರ್ ಎತ್ತರಕ್ಕೆ ಸುಮಾರು ಆರು ಡಿಗ್ರಿ ಚಳಿಯೂ ಹೆಚ್ಚುವುದರಿಂದ ಬೆವೆತ ಮೈಗೆ ಹೊದೆಯಲು ಗಾಳಿ ತಡೆಯುವ ಅಂಗಿ ಚೀಲದಲ್ಲಿರಬೇಕು.

ಎರಡು ದಿನದ ಸುತ್ತು

ವೆರ್ಕೋರನ್ನು ಅವಸರವಿಲ್ಲದೆ ನೋಡಲು ಇಂಥದೊಂದು ಸುತ್ತು ಸಾಕು. ಸ್ಯಾಂ ಝಾನ್‌ನಿಂದ ಕೋಂಬ್ ಲವಾಲ್ ಏರಿ, ಲಾಂತ್ ಕಾಡಿನ ನೆರಳಲ್ಲಿ ಸಾಗಿ, ವಾಸ್ಯೂ ಎಂಬ ಹಳ್ಳಿಯ ಬಯಲಿಗೆ ಇಳಿಯುವುದು. ಅಲ್ಲಿಂದ ಪೂರ್ವಕ್ಕೆ ಚಿಕ್ಕದೊಂದು ಏರು ದಾಟಿ ವೆರ್ನೇಝೋನ್ ಕಣಿವೆ ಸೇರುವುದು. ಶಕ್ತಿ ಉಳಿದವರು 1,254 ಮೀಟರ್ ಎತ್ತರದ ಕೋಲ್ ದ ರೂಸೆಗೆ ಹೋಗಿ ಬರಬಹುದು. ಅಲ್ಲಿನ ಸುರಂಗದ ಉತ್ತರಕ್ಕೆ ತಂಪಾದ ದಟ್ಟ ಕಾಡು, ದಕ್ಷಿಣಕ್ಕೆ ಬಿಸಿಲು ಕಾದ ಬೋಳು ಬಂಡೆ, ದೂರದಲ್ಲಿ ದ್ರಾಕ್ಷಿ ತೋಟಗಳ ಡೀ ಪಟ್ಟಣ. ಒಂದು ಸುರಂಗ ದಾಟಿದರೆ ಹವೆಯೇ ಬೇರೆ. ಮರುದಿನ ಉತ್ತರಕ್ಕೆ ಲಾ ಶಪೆಲ್, ಸ್ಯಾಂ ಮಾರ್ತಾನ್ ಹಳ್ಳಿಗಳನ್ನು ಹಾದು, ಬೂರ್ನ್ ನದಿಯ ಕಮರಿಯಲ್ಲಿ ಶೋರಾಂಶ್ ಕಡೆಗೆ ಇಳಿದು, ನದಿಯ ಮೇಲೆ ತೂಗುವಂತೆ ಮನೆಗಳಿರುವ ಪೋನ್ ಆನ್ ರ್ವಾಯಾನ್ ಎಂಬ ಊರನ್ನು ಮುಟ್ಟಿದರೆ ಸ್ಯಾಂ ಝಾನ್ ಹತ್ತಿರವೇ.

ಈ ದಾರಿಯಲ್ಲಿ ಎರಡು ಕಡೆ ಸೈಕಲ್ ನಿಲ್ಲಿಸಲೇಬೇಕು.

ಮೊದಲನೆಯದು ವಾಸ್ಯೂ. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸ್ ಜರ್ಮನಿಯ ಹಿಡಿತದಲ್ಲಿದ್ದಾಗ, ದಾರಿಗಳು ಕಡಿಮೆಯಿದ್ದ ಈ ಬೆಟ್ಟ ಪ್ರತಿರೋಧದ ಹೋರಾಟಗಾರರಿಗೆ ಆಶ್ರಯವಾಯಿತು. ಕೆಲವೇ ದಾರಿಗಳನ್ನು ಕಾದರೆ ಬೆಟ್ಟವನ್ನೇ ಕಾದಂತೆ ಎಂಬುದು ಅವರ ಲೆಕ್ಕ. 1944ರ ಜುಲೈ 21ರಂದು ಜರ್ಮನ್ ಸೈನಿಕರು ಗ್ಲೈಡರುಗಳಲ್ಲಿ ವಾಸ್ಯೂವಿನ ಬಯಲಿಗೆ ಇಳಿದರು. ಹಳ್ಳಿ ನಾಶವಾಯಿತು, ಹೋರಾಟಗಾರರ ಜೊತೆಗೆ ಊರಿನ ಸಾಮಾನ್ಯ ಜನರೂ ಸತ್ತರು. ಈಗಿರುವ ಊರು ಆಮೇಲೆ ಕಟ್ಟಿದ್ದು.

ಎರಡನೆಯದು ವೆರ್ನೇಝೋನ್ ಕಣಿವೆಯ ರಸ್ತೆಗೆ ಸಮೀಪವಿರುವ ಲ್ವೀರ್ ಗುಹೆ. ದಾಳಿಯ ನಂತರ ಹೋರಾಟಗಾರರ ಆಸ್ಪತ್ರೆಯ ಗಾಯಾಳುಗಳನ್ನು ಇಲ್ಲಿ ಅಡಗಿಸಿದ್ದರು. ಜುಲೈ 27ರಂದು ಗುಹೆ ಪತ್ತೆಯಾಯಿತು. ಗಾಯಾಳುಗಳಲ್ಲಿ ಅನೇಕರನ್ನು ಕೊಂದರು. ಇಬ್ಬರು ವೈದ್ಯರನ್ನೂ ಒಬ್ಬ ಪಾದ್ರಿಯನ್ನೂ ಗ್ರೆನೋಬ್ಲ್‌ಗೆ ಒಯ್ದು ಗುಂಡಿಕ್ಕಿದರು. ದಾದಿಯರನ್ನು ರಾವೆನ್ಸ್‌ಬ್ರೂಕ್ ಬಂಧನ ಶಿಬಿರಕ್ಕೆ ಸಾಗಿಸಿದರು. ಸದ್ದಿಲ್ಲದ ರಸ್ತೆಯೆಂದರೆ ಏನೂ ನಡೆಯದ ರಸ್ತೆ ಎಂದು ತಿಳಿಯಬಾರದು.

ಇದೇ ಗುಹೆ ವಿಜ್ಞಾನದ ದೃಷ್ಟಿಯಿಂದಲೂ ಅಪೂರ್ವ. ಸಾಧಾರಣ ದಿನಗಳಲ್ಲಿ ಒಣಗಿಯೇ ಇರುತ್ತದೆ. ಅದರೊಳಗಿನ ಬಾವಿಯಂಥ ದಾರಿಗಳು ಸುಮಾರು 450 ಮೀಟರ್ ಕೆಳಗೆ ಹರಿಯುವ ನೀರಿನವರೆಗೆ ಇಳಿದಿವೆ. ಕುತುಬ್ ಮಿನಾರಿನ ಆರು ಪಟ್ಟಿಗೂ ಹೆಚ್ಚು. ಭಾರೀ ಮಳೆ ಹಿಡಿದಾಗ, ಅಥವಾ ಹಿಮ ಒಮ್ಮೆಗೇ ಕರಗಿದಾಗ, ಕೆಳಗಿನ ಕೊಳವೆಗಳಿಗೆ ಅಷ್ಟೂ ನೀರನ್ನು ಸಾಗಿಸಲಾಗುವುದಿಲ್ಲ. ನೀರು ಏರುತ್ತಾ ಏರುತ್ತಾ ಬಂದು ಅಪರೂಪಕ್ಕೊಮ್ಮೆ ಗುಹೆಯ ಬಾಯಿಂದಲೇ ಉಕ್ಕಿ ಹರಿಯುತ್ತದೆ. ಬಚ್ಚಲ ಕೊಳವೆ ಕಟ್ಟಿಕೊಂಡಾಗ ನೀರು ಮೇಲೆ ಬರುವಂತೆಯೇ.

ಕಲ್ಲು ಬೀಳುವುದೂ ಪಾಠವೇ

ಲಾ ಶಪೆಲ್‌ನಿಂದ ನೇರ ಕೆಳಗಿಳಿಯಲು ಗ್ರಾನ್ ಗೂಲೆ ಎಂಬ ಇನ್ನೊಂದು ರಸ್ತೆಯಿತ್ತು. 19ನೇ ಶತಮಾನದ ನಡುಭಾಗದಲ್ಲಿ ಬಹು ಇಕ್ಕಟ್ಟಾದ ಕಮರಿಯಲ್ಲಿ ಕೊರೆದ ರಸ್ತೆ ಅದು. ಬಂಡೆ ಬೀಳುವ ಭಯದಿಂದ ಅದನ್ನು 2005ರಲ್ಲಿ ಮುಚ್ಚಿದರು. ಬದಲಿಗೆ ಬೆಟ್ಟದೊಳಗೆ ಸುರಂಗ ತೋಡಿ 2008ರಲ್ಲಿ ತೆರೆದರು. ಕಮರಿಯನ್ನು ಕೊರೆದು ಆ ಚೆಲುವನ್ನು ಕೊಟ್ಟ ನೀರೇ ಬಿರುಕುಗಳನ್ನು ಹಿಗ್ಗಿಸುತ್ತಲೂ ಇರುತ್ತದೆ. ಬಿರುಕಿನ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಹಿಗ್ಗಿ ಕಲ್ಲನ್ನು ಸಡಿಲಿಸುತ್ತದೆ. ಬೂರ್ನ್ ಕಮರಿಯ ರಸ್ತೆಯನ್ನೂ ಬಂಡೆ ಬಿದ್ದಾಗ ಮುಚ್ಚುವುದುಂಟು. ಆದ್ದರಿಂದ ಹೊರಡುವ ಮುನ್ನ ರಸ್ತೆ ತೆರೆದಿದೆಯೇ ಎಂದು ವಿಚಾರಿಸುವುದು ಮೊದಲ ಕೆಲಸ. "ಮುಚ್ಚಿದೆ" ಎಂಬ ಫಲಕದ ಪಕ್ಕದಲ್ಲಿ ಸೈಕಲ್ ನುಸುಳುವಷ್ಟು ಜಾಗವಿರುತ್ತದೆ, ನುಸುಳಬಾರದು.

ಫ್ರಾನ್ಸಿನಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಹೋಗುತ್ತವೆ ಎಂಬುದನ್ನು ನಮ್ಮವರು ನೆನಪಿಡಬೇಕು. ಅಲ್ಲಿ 12 ವರ್ಷದೊಳಗಿನ ಮಕ್ಕಳಿಗೆ 2017ರಿಂದ ಹೆಲ್ಮೆಟ್ ಕಡ್ಡಾಯ. ಊರ ಹೊರಗೆ ಸೈಕಲ್ ದಾಟಿ ಹೋಗುವ ವಾಹನ ಒಂದೂವರೆ ಮೀಟರ್ ಅಂತರ ಬಿಡಬೇಕೆಂಬ ನಿಯಮವಿದೆ. ಸುರಂಗಗಳಿಗಾಗಿ ಹಿಂದೆ ಮುಂದೆ ದೀಪ ಇರಲೇಬೇಕು. ಮೇ, ಜೂನ್, ಸೆಪ್ಟೆಂಬರ್ ತಿಂಗಳ ವಾರದ ನಡುವಿನ ದಿನಗಳು ಒಳ್ಳೆಯವು.

ಎಸೆದದ್ದು ಎಲ್ಲಿಗೆ ಹೋಗುತ್ತದೆ?

ಈ ರಸ್ತೆಗಳಲ್ಲಿ ಸವಾರನ ದೊಡ್ಡ ಚಿಂತೆ ನೀರು. ದಾರಿಬದಿಯ ತೊರೆಯಲ್ಲಿ ತುಂಬಿಸಿಕೊಳ್ಳೋಣವೆಂದರೆ ತೊರೆಯೇ ಇಲ್ಲ. ಊರು ಬಂದಾಗಲೆಲ್ಲ ಬಾಟಲಿ ತುಂಬಿಸಿಕೊಳ್ಳಬೇಕು. ಆಗ ಇನ್ನೊಂದು ಮಾತೂ ಅರ್ಥವಾಗುತ್ತದೆ. ಮಣ್ಣು ಮರಳಿನ ನೆಲದಲ್ಲಿ ಇಂಗುವ ನೀರು ಮೆಲ್ಲನೆ ಸೋಸಿಕೊಂಡು ಹೋಗುತ್ತದೆ. ಸುಣ್ಣಕಲ್ಲಿನಲ್ಲಿ ಸೋಸುವವರು ಯಾರೂ ಇಲ್ಲ. ಮೇಲಿನ ಬಿಲಕ್ಕೆ ಬಿದ್ದದ್ದು ಕೊಳವೆಯಲ್ಲಿ ಹೋದಂತೆ ಹೋಗಿ ಕೆಳಗಿನ ಬುಗ್ಗೆಯಲ್ಲಿ ಏಳುತ್ತದೆ. ವಿಜ್ಞಾನಿಗಳು ಫ್ಲೋರೆಸಿನ್ ಎಂಬ ಹಸಿರು ಬಣ್ಣವನ್ನು ಮೇಲೆ ಸುರಿದು, ಅದು ಯಾವ ಬುಗ್ಗೆಯಲ್ಲಿ ಕಾಣಿಸುತ್ತದೆಂದು ಕಾದು ನೋಡಿಯೇ ನೆಲದಡಿಯ ನದಿಗಳ ನಕ್ಷೆ ಮಾಡುತ್ತಾರೆ. ಬಣ್ಣ ಹೋಗುವ ದಾರಿಯಲ್ಲೇ ಸೋಪಿನ ನೀರೂ, ಚೈನಿನ ಎಣ್ಣೆಯೂ, ಹಳೆಯ ಬ್ಯಾಟರಿಯ ವಿಷವೂ ಹೋಗುತ್ತದೆ. ಮೇಲೆ ಒಬ್ಬ ಸವಾರ ಎಸೆದದ್ದು ಕೆಳಗಿನ ಊರಿನ ಕುಡಿಯುವ ನೀರಿಗೆ ಬಂದೀತು. ಸುಣ್ಣಕಲ್ಲಿನ ನಾಡಿನಲ್ಲಿ ಕಸವನ್ನು ಚೀಲದಲ್ಲಿ ಹೊತ್ತು ತರುವುದು ಬರೀ ಶಿಷ್ಟಾಚಾರವಲ್ಲ.

ವೆರ್ಕೋರಿಗೆ ಎಲ್ಲರೂ ಹೋಗಲಾಗದು, ಹೋಗಬೇಕಾಗಿಯೂ ಇಲ್ಲ. ಏರನ್ನು ಅಳೆಯುವ ಪಾಠ ಮನೆಯ ಮುಂದಿನ ರಸ್ತೆಯಲ್ಲೇ ಆದೀತು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ಇದೆಯಲ್ಲ, ಹನ್ನೆರಡು ಮೀಟರ್ ಉದ್ದದ ಅಂಥದೊಂದು ಪೈಪು ಸಾಕು. ಗುಳ್ಳೆ ಉಳಿಯದಂತೆ ನೀರು ತುಂಬಿ, ವಾಹನಗಳಿಲ್ಲದ ಬೆಳಗಿನ ಹೊತ್ತಿನಲ್ಲಿ, ಏರು ರಸ್ತೆಯಲ್ಲಿ ಹತ್ತು ಮೀಟರ್ ಅಂತರದಲ್ಲಿ ಇಬ್ಬರು ಪೈಪಿನ ಎರಡು ತುದಿ ಹಿಡಿದು ನಿಲ್ಲಲಿ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟ ನೆಲದಿಂದ ಎಷ್ಟು ಎತ್ತರದಲ್ಲಿದೆಯೆಂದು ಎರಡೂ ಕಡೆ ಅಳೆದು ಕಳೆದರೆ ಏರು ಸಿಕ್ಕಿತು. ವ್ಯತ್ಯಾಸ 60 ಸೆಂಟಿಮೀಟರ್ ಬಂದರೆ ಅದು ಕೋಂಬ್ ಲವಾಲ್‌ನ ಏರು. ಆಮೇಲೆ ಮಕ್ಕಳು ಅದೇ ಏರನ್ನು ಸೈಕಲ್ಲಿನಲ್ಲಿ ಹತ್ತಲಿ. ಅಪ್ಪ ಅಮ್ಮಂದಿರು ಮೇಲೆ ನಿಂತು ನೋಡುವ ಬದಲು, ಆದರೆ ತಾವೂ ಒಂದು ಸಲ ಹತ್ತಿ ನೋಡಲಿ. ಇಳಿಯುವ ಮುನ್ನ ಬ್ರೇಕು ಪರೀಕ್ಷಿಸುವುದನ್ನು ಮಾತ್ರ ಇಬ್ಬರೂ ಮರೆಯಬಾರದು.